ಆಟಿ ಬರುವ ಮೊದಲು ಪಾಲೆ ಮರಕ್ಕೊಂದು ಬೋರ್ಡು ಹಾಕಿಸಿ: ಉಡುಪಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ಪಾಲೆ ಮರ ಇದೆ. ಇದೆ ಅಂದರೆ, ಒಣಗಿ ನಿಂತಿದೆ. ಹೋದ ಆಟಿ ಅಮಾವಾಸ್ಯೆಗೆ ಯಾರೋ ಕತ್ತಿಯಲ್ಲಿ ಅದರ ತೊಗಟೆಯನ್ನು ಸುತ್ತಲೂ ಕೆತ್ತಿಕೊಂಡು ಹೋದರು. ಸೊಂಟದೆತ್ತರಕ್ಕೆ ಪೂರ್ತಿ ಒಂದು ಬಳೆಯಷ್ಟು. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತ ಕಿತ್ತರೆ ಬೇರಿಗೆ ಉಪವಾಸವೇ.

ನೀವು ಹೊರಗಿನಿಂದ ಬಂದವರಾದರೆ ಸ್ವಲ್ಪ ಹೇಳಬೇಕು. ತುಳುವಿನ ಪಾಲೆ ಎಂದರೆ ಕನ್ನಡದ ಹಾಲೆ ಅಥವಾ ಮದ್ದಾಲೆ, ಸಂಸ್ಕೃತದ ಸಪ್ತಪರ್ಣ. ಆಟಿ ಎಂದರೆ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳು. ಅದರ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲೇ ಪಾಲೆ ಮರಕ್ಕೆ ಹೋಗಿ ಅದರ ತೊಗಟೆ ತಂದು, ಅರೆದು ರಸ ತೆಗೆಯುತ್ತೇವೆ. ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕುತ್ತೇವೆ. ಬೆಣಚುಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಅದಕ್ಕೆ ಹಾಕಿದರೆ ಚೊಂಯ್ ಅನ್ನುತ್ತದೆ. ಖಾಲಿ ಹೊಟ್ಟೆಗೆ ಕುಡಿಯಬೇಕು. ಕಹಿ ಎಂಥದ್ದು ಅಂದರೆ, ಮಧ್ಯಾಹ್ನದವರೆಗೂ ನಾಲಿಗೆ ನಮ್ಮದಲ್ಲ. ಕಷಾಯ ಉಷ್ಣ ಅಂತ ಆಮೇಲೆ ತಂಪಿಗೆ ಮೆಂತೆ ಗಂಜಿ. ನಾವು ಮಕ್ಕಳು ಸುಮ್ಮನೆ ಕುಡಿಯುತ್ತಿದ್ದದ್ದೇ ಆ ಗಂಜಿಯ ಆಸೆಗೆ.

ಅಜ್ಜ ಹಿಂದಿನ ದಿನ ಸಂಜೆಯೇ ಮರ ನೋಡಿ, ಒಂದು ನೂಲು ಕಟ್ಟಿ ಬರುತ್ತಿದ್ದರು. ಮೈಮೇಲೆ ಬಟ್ಟೆ ಇಲ್ಲದೆ ಹೋಗಬೇಕು ಎಂಬ ಕಟ್ಟಳೆಯೂ ಇತ್ತಂತೆ. ಅಜ್ಜ ಮಾತ್ರ ಬೈರಾಸು, ಅಂದರೆ ಟವೆಲ್, ಉಟ್ಟೇ ಹೋಗುತ್ತಿದ್ದರು. ಆದರೆ ಕಬ್ಬಿಣ ಮುಟ್ಟಿಸುತ್ತಿರಲಿಲ್ಲ. ಕಲ್ಲಿನಿಂದ ಜಜ್ಜಿ, ಒಂದೇ ಬದಿಯಿಂದ ಅಂಗೈಯಗಲ ತೆಗೆಯುತ್ತಿದ್ದರು. ಕಲ್ಲಿನಲ್ಲಿ ಜಜ್ಜಿದರೆ ಎಷ್ಟು ತಾನೇ ಬರುತ್ತದೆ? ಮರ ಉಳಿಯುತ್ತಿದ್ದದ್ದು ಅದರಿಂದಲೇ ಎಂದು ನನಗೆ ಈಗ ಅನಿಸುತ್ತದೆ.

ನೂಲು ಕಟ್ಟುವುದರಲ್ಲೂ ಅರ್ಥ ಇತ್ತು. ನಸುಕಿನ ಕತ್ತಲೆಯಲ್ಲಿ ಪಾಲೆ ಅಂತ ಕಾಯೆರಿನ ತೊಗಟೆ ತಂದರೆ ಮುಗಿಯಿತು. ಕಾಯೆರ್ ಎಂದರೆ ಕಾಸರಕ. ಅದರ ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನಿನ್ ಜಾತಿಯ ವಿಷ ಇದೆ. ಎರಡೂ ಕಹಿಯೇ, ಹಾಗಾಗಿ ನಾಲಿಗೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಗಲಲ್ಲಾದರೆ ಕಣ್ಣಿಗೆ ಗೊತ್ತಾಗುತ್ತದೆ. ಪಾಲೆಯ ಎಲೆ ಒಂದೇ ಗಂಟಿನಲ್ಲಿ ಐದೋ ಏಳೋ ಸುತ್ತಲೂ ಚಕ್ರದ ಹಾಗೆ ಇರುತ್ತದೆ, ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಯೆರಿನ ಎಲೆ ಎದುರುಬದುರು ಜೋಡಿ, ಹಾಲಿಲ್ಲ. ಹಾಲೊಂದನ್ನೇ ನಂಬುವುದೂ ಬೇಡ. ಕಣಗಿಲೆಗೂ ಹಾಲಿದೆ, ಅದೂ ವಿಷವೇ. ಈಗ ಮನೆಯಲ್ಲಿ ಮರ ಗುರುತಿಸುವ ಅಜ್ಜಂದಿರು ಕಡಿಮೆ. ಮೊಬೈಲಿನ ಟಾರ್ಚ್ ಹಿಡಿದು ಹೋಗುವವರೇ ಜಾಸ್ತಿ. ನನಗೆ ಹೆದರಿಕೆ ಇರುವುದು ಇಲ್ಲೇ.

ಆ ಒಂದು ದಿನ ಕುಡಿದರೆ ವರ್ಷವಿಡೀ ಕಾಯಿಲೆ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಮರ ಸಾಮಾನ್ಯದ್ದೂ ಅಲ್ಲ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ, ಚರ್ಮದ ಕಾಯಿಲೆಗೆ, ಹೊಟ್ಟೆಹುಳಕ್ಕೆ ಆಯುರ್ವೇದ ಇದನ್ನು ಬಹಳ ಹಿಂದಿನಿಂದ ಬಳಸುತ್ತಿದೆ. ಚರ್ಮರೋಗಕ್ಕೆ ಕೊಡುವ ಮಹಾತಿಕ್ತಕ ಘೃತದಲ್ಲಿ ಇದು ಇದೆ. 2021ರಲ್ಲಿ ಸೌಮ್ಯ ಕೋವಿಡ್‌ಗೆ ಸರ್ಕಾರ ಹಂಚಿದ ಆಯುಷ್-64 ನೆನಪಿದೆ ಅಲ್ವಾ? ಅದು ಮೊದಲು ಮಲೇರಿಯಾಕ್ಕೆಂದು ಮಾಡಿದ ಮಾತ್ರೆ. ಪಾಲೆಯ ತೊಗಟೆ, ಕಟುಕರೋಹಿಣಿ, ಚಿರಾಯತ, ಗಜ್ಜುಗದ ಬೀಜ, ಇಷ್ಟೇ ಅದರಲ್ಲಿರುವುದು. ಹಾಗಂತ ಮಲೇರಿಯಾ ಬಂದರೆ ರಕ್ತ ಪರೀಕ್ಷೆ ಬಿಟ್ಟು ಕಷಾಯ ಕುಡಿದು ಕೂರಬೇಡಿ. ಮಳೆಗಾಲದಲ್ಲಿ ಕರಾವಳಿಯವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈಗ ನನ್ನ ಕೋರಿಕೆ. ಆಟಿ ಅಮಾವಾಸ್ಯೆಗೆ ಒಂದು ವಾರ ಮೊದಲು ಪ್ರತಿ ಪಂಚಾಯತಿನಲ್ಲಿ ಮರ ಬಲ್ಲವರನ್ನು ಕರೆದುಕೊಂಡು ಹೋಗಿ, ಸರ್ಕಾರಿ ಜಾಗದ ಪಾಲೆ ಮರಗಳಿಗೆ ಬೋರ್ಡು ಕಟ್ಟಿಸಿ. ತಗಡು ಮೊಳೆ ಹೊಡೆಯುವುದು ಬೇಡ, ಹಗ್ಗ ಸಾಕು. 'ಇದು ಪಾಲೆ. ಒಂದೇ ಬದಿಯಿಂದ, ಅಂಗೈಯಗಲ ಮಾತ್ರ' ಎಂದು ಬರೆಸಿ. ಪಕ್ಕದಲ್ಲಿ ಕಾಯೆರ್ ಇದ್ದರೆ ಅದಕ್ಕೂ ಕೆಂಪಕ್ಷರದಲ್ಲಿ ಬೇಕು. ಕಷಾಯ ಕುಡಿದ ಮೇಲೆ ಮೈ ಸೆಟೆದರೆ ಕಾಯದೆ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಲಿ.

ಇನ್ನು ವನಮಹೋತ್ಸವ. ವರ್ಷಕ್ಕೊಂದು ದಿನ ಎಲ್ಲರಿಗೂ ಪಾಲೆ ಬೇಕು, ನೆಟ್ಟವರನ್ನು ಮಾತ್ರ ನಾನು ಕಂಡಿಲ್ಲ. ರಸ್ತೆ ಅಗಲವಾಗುವಾಗ ಹೋದ ಮರಗಳ ಜಾಗಕ್ಕೆ ಬಂದದ್ದೂ ಇಲ್ಲ. ನರ್ಸರಿಗಳಲ್ಲಿ ಪಾಲೆ ಸಸಿ ಮಾಡಿಸಿ. ಶಾಲೆ ಮೈದಾನದ ಮೂಲೆ, ಕೆರೆಯ ದಂಡೆ, ಇಂಥ ಕಡೆ ನೆಡಿಸಿ. ಮನೆಗಳ ಎದುರು ಸಾಲಾಗಿ ಬೇಡ. ಮಳೆಗಾಲ ಮುಗಿದ ಮೇಲೆ ಹೂ ಬಿಟ್ಟಾಗ ರಾತ್ರಿಯ ವಾಸನೆ ಜೋರು. ದೆಹಲಿಯಲ್ಲಿ ರಸ್ತೆ ಬದಿಗೆ ನೆಟ್ಟು ಜನ ಗೊಣಗುವುದುಂಟು.

ಬೀಜಕ್ಕೆ ದೂರ ಹೋಗಬೇಕಿಲ್ಲ. ನಮ್ಮ ತೋಟದ ಬದುವಿನಲ್ಲಿ ಇನ್ನೊಂದು ಮರ ಚೆನ್ನಾಗಿದೆ. ಚಳಿ ಮುಗಿಯುವ ಹೊತ್ತಿಗೆ ಉದ್ದುದ್ದ ಕೋಡು ಜೋಡಿಯಾಗಿ ಜೋತು ಬೀಳುತ್ತವೆ. ಒಡೆದರೆ ಬೀಜ ಗಾಳಿಗೆ ಹಾರಿಹೋಗುತ್ತದೆ, ಅದಕ್ಕೆ ಮೊದಲೇ ಕೊಯ್ಯಬೇಕು. ನರ್ಸರಿಯವರನ್ನು ಕಳುಹಿಸಿಕೊಡಿ. ಏಣಿ ನಮ್ಮಲ್ಲೇ ಇದೆ.

ಇತಿ,
ಉಡುಪಿ ತಾಲೂಕಿನ ಒಬ್ಬ ಕೃಷಿಕ