ಲಡ್ಲೋ ದಾಟಿದ ಮೇಲೆ

ಚಿ. ಸ್ಮಿತಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮನೆಯ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನೇ ಮತ್ತೆ ಬರೆಯುವುದಿಲ್ಲ. ನಿನ್ನ ಈಮೇಲನ್ನು ನಿನ್ನ ದೊಡ್ಡಮ್ಮ ಪ್ರಿಂಟ್ ಹಾಕಿಸಿ ತಂದಳು. ನಾಲ್ಕು ಪುಟ. ಮೂರನೆಯ ಪುಟದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ದಾರಿಯ ಬಗ್ಗೆ ನೀನು ಮಾತಿನ ನಡುವೆ ಸುಮ್ಮನೆ ಬರೆದ ಎರಡು ಸಾಲು ನನ್ನನ್ನು ಮೂರು ರಾತ್ರಿಯಿಂದ ಮಲಗಲು ಬಿಟ್ಟಿಲ್ಲ. "ಹೋದ ವರ್ಷ ಲಡ್ಲೋದಲ್ಲಿ ಪೆಟ್ರೋಲ್ ಹಾಕಿಸಿದ್ದು ನೆನಪಿದೆ, ಆಮೇಲೆ ನೆನಪಿರುವುದು ನೀಡಲ್ಸ್ ಊರಿನ ದೀಪಗಳೇ. ನಡುವೆ ಏನಿತ್ತೋ ಗೊತ್ತಿಲ್ಲ ದೊಡ್ಡಪ್ಪ. ನಿದ್ದೆಯಂತೂ ಮಾಡಲಿಲ್ಲ, ಕಣ್ಣು ಬಿಟ್ಟುಕೊಂಡೇ ಇದ್ದೆ."

ಅಲ್ಲಿಂದ ಮುಂದೆ ನೀನು ಚಳಿಯ ಬಗ್ಗೆ ಬರೆದಿದ್ದೀಯ, ನಿಮ್ಮಣ್ಣನ ಮಗುವಿಗೆ ತಗೊಂಡ ಸ್ವೆಟರಿನ ಬಗ್ಗೆ ಬರೆದಿದ್ದೀಯ. ಈ ಸಲವೂ ಡಿಸೆಂಬರ್ 20ನೇ ತಾರೀಕು ಆಫೀಸ್ ಮುಗಿಸಿಕೊಂಡು ಹಾಗೇ ಆಲ್ಬುಕರ್ಕಿಗೆ, ಅಣ್ಣನ ಮನೆಗೆ ಹೊರಡುತ್ತೇನೆ, ರಾತ್ರಿ ಟ್ರಾಫಿಕ್ ಇರುವುದಿಲ್ಲ ಅಂತಲೂ ಬರೆದಿದ್ದೀಯ. ನಾನು ಅವನ್ನೆಲ್ಲ ಓದಿದೆ, ಆದರೆ ಮನಸ್ಸು ಲಡ್ಲೋದ ಪೆಟ್ರೋಲ್ ಬಂಕಿನಲ್ಲೇ ನಿಂತುಬಿಟ್ಟಿತು.

ಆ ದಾರಿ ನನಗೆ ಗೊತ್ತಮ್ಮ. 2018ರ ಡಿಸೆಂಬರಿನಲ್ಲಿ ನಿಮ್ಮಣ್ಣ ನಮ್ಮಿಬ್ಬರನ್ನು ಅದೇ ದಾರಿಯಲ್ಲಿ ಆಲ್ಬುಕರ್ಕಿಗೆ ಕರೆದುಕೊಂಡು ಹೋಗಿದ್ದ. ಟೆಹಾಚಪಿ ಘಟ್ಟ ದಾಟಿ ಮೊಹಾವಿ ಮರುಭೂಮಿಗೆ ಇಳಿದಾಗ ನಿನ್ನ ದೊಡ್ಡಮ್ಮ, "ಇದೇನು ಮರಳೇ ಇಲ್ಲವಲ್ಲ" ಅಂದಳು. ಮರಳಿನ ದಿಬ್ಬಗಳಿರುತ್ತವೆ ಅಂದುಕೊಂಡಿದ್ದಳು ಪಾಪ. ಇದ್ದದ್ದು ಕಲ್ಲುನೆಲ, ದೂರದಲ್ಲಿ ಕಂದು ಗುಡ್ಡ, ಮತ್ತೆ ಆ ಕ್ರಿಯೋಸೋಟ್ ಗಿಡಗಳು. ಯಾರೋ ಹಗ್ಗ ಹಿಡಿದು ಅಳೆದು ನೆಟ್ಟ ಹಾಗೆ ಒಂದರಿಂದ ಒಂದು ದೂರ ದೂರ. ಬಾರ್‌ಸ್ಟೋದಲ್ಲಿ ಇಂಟರ್‌ಸ್ಟೇಟ್ 40 ಹೆದ್ದಾರಿ ಶುರುವಾಗುವ ಕಡೆ ವಿಲ್ಮಿಂಗ್ಟನ್ 2,554 ಮೈಲಿ ಎಂದು ಬೋರ್ಡು ಹಾಕಿದ್ದರು, ದೇಶದ ಆಚೆ ತುದಿಯ ಊರು. ಅದನ್ನು ಓದಿದಾಗಲೇ ನನಗೆ ಎದೆ ಸ್ವಲ್ಪ ಕುಸಿಯಿತು. ಲಡ್ಲೋದಿಂದ ನೀಡಲ್ಸಿಗೆ ಸುಮಾರು 90 ಮೈಲಿ, ನಡುವೆ ಹೆಸರಿಗೆ ಫೆನ್ನರ್‌ನಲ್ಲಿ ಒಂದು ಬಂಕ್. ಗುಡ್ಡದ ಬುಡದಲ್ಲಿ ಮೈಲಿಯುದ್ದದ ಗೂಡ್ಸ್ ರೈಲು ಹೋಗುತ್ತಿತ್ತು, ನಾನು ಡಬ್ಬಿ ಎಣಿಸುತ್ತಾ ಎಣಿಸುತ್ತಾ ಲೆಕ್ಕ ತಪ್ಪಿ ಕಣ್ಣು ಮುಚ್ಚಿದ್ದೆ. ಅದು ಹಟ್ಟಹಗಲು, ಕಾರು ಓಡಿಸುತ್ತಿದ್ದದ್ದೂ ನಾನಲ್ಲ. ನೀನು ಅದನ್ನು ರಾತ್ರಿ ಎರಡು ಗಂಟೆಗೆ ಒಬ್ಬಳೇ ದಾಟಿದ್ದೀಯ.

70 ಮೈಲಿ ವೇಗದಲ್ಲಿ ಹೋದರೂ ಅದು ಒಂದೂಕಾಲು ಗಂಟೆಯ ದಾರಿ. ಆ ಒಂದೂಕಾಲು ಗಂಟೆ ಕಾರನ್ನು ಓಡಿಸಿದ್ದು ಯಾರು ಪುಟ್ಟಿ?

ಇದಕ್ಕೆ ಹೈವೇ ಹಿಪ್ನಾಸಿಸ್ ಅನ್ನುತ್ತಾರಂತೆ, ನಿದ್ದೆಯಲ್ಲ, ಮನಸ್ಸು ಎಲ್ಲೋ ಹೋಗಿ ಕೈಕಾಲು ಅಭ್ಯಾಸಬಲದಿಂದ ಕೆಲಸ ಮಾಡುವುದು. ಮೈಕ್ರೋಸ್ಲೀಪ್ ಅನ್ನುವುದು ಬೇರೆ, ಅದು ನಿಜವಾದ ನಿದ್ದೆಯೇ, ಕೆಲವೇ ಸೆಕೆಂಡು ಬಂದು ಹೋಗುತ್ತದೆ, ಕಣ್ಣು ತೆರೆದಿರುವಾಗಲೂ ಬರಬಹುದು. ನಿನಗೆ ಆದದ್ದು ಮೊದಲನೆಯದೇ ಇರಬಹುದು. ಆದರೆ ಒಂದರ ಪಕ್ಕದಲ್ಲೇ ಇನ್ನೊಂದು ಕೂತಿರುತ್ತದೆ. 70 ಮೈಲಿ ವೇಗದಲ್ಲಿ ನಾಲ್ಕು ಸೆಕೆಂಡು ಅಂದರೆ 125 ಮೀಟರ್, ನಾನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ. ನಮ್ಮ ಬೀದಿಯ ಈ ತುದಿಯಿಂದ ಗಣಪತಿ ಗುಡಿಯವರೆಗೆ.

ನೀನು ಆ ದಿನ ಬೆಳಗ್ಗೆ ಏಳಕ್ಕೆ ಎದ್ದವಳು. ಲಡ್ಲೋ ಹೊತ್ತಿಗೆ ಎದ್ದು 19 ಗಂಟೆ. 17 ಗಂಟೆ ನಿದ್ದೆಯಿಲ್ಲದೆ ಇದ್ದವರ ಕೈ ಕಣ್ಣು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇದ್ದವರ ಹಾಗೆ ನಿಧಾನವಾಗುತ್ತದೆ ಎಂದು ಪರೀಕ್ಷೆ ಮಾಡಿದವರು ಹೇಳಿದ್ದಾರೆ. ನೀನು ಹನಿ ಮುಟ್ಟುವವಳಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಒಂದು ವಿಷಯ ಬರೆಯಬೇಕಾಗಿದೆ. ಹಿರಿಯೂರಿನ ಹತ್ತಿರ ಏನಾಯಿತು, ನಿಮ್ಮಪ್ಪ ಎಡಗೈಯನ್ನು ಭುಜದಿಂದ ಮೇಲೆ ಯಾಕೆ ಎತ್ತಲಾರ, ಅದೆಲ್ಲ ನೀನು ಚಿಕ್ಕಂದಿನಿಂದ ಕೇಳಿದ್ದೇ. ಟೈರ್ ಒಡೆಯಿತು ಅಂತ. ಟೈರ್ ಒಡೆದದ್ದು ನಿಜ. ಆದರೆ ಅದು ಒಡೆದದ್ದು ಕಾರು ರಸ್ತೆ ಬಿಟ್ಟು ಇಳಿದು ಕಲ್ಲಿಗೆ ಬಡಿದ ಮೇಲೆ.

1994ರ ದೀಪಾವಳಿ. ನೀರು ತುಂಬುವ ಹಬ್ಬದ ರಾತ್ರಿ. ನಾನು ಆಫೀಸ್ ಮುಗಿಸಿ, ಊಟವೂ ಮಾಡದೆ, ನಿಮ್ಮಪ್ಪನನ್ನು ಹತ್ತಿಸಿಕೊಂಡು ಬೆಂಗಳೂರು ಬಿಟ್ಟೆ. ತುಮಕೂರಿಗೆ ಬಂದಾಗ ಅವನು, "ಅಣ್ಣ, ಅಕ್ಕನ ಮನೆಯಲ್ಲಿ ಮಲಗಿ ಬೆಳಗಿನ ಜಾವ ಹೋಗೋಣ" ಅಂದ. ಅಮ್ಮ ಹಂಡೆ ತೊಳೆದು ನೀರು ತುಂಬಿ ಕಾಯುತ್ತಿರುತ್ತಾಳೆ, ಎಣ್ಣೆ ಶಾಸ್ತ್ರದ ಹೊತ್ತಿಗೆ ದಾವಣಗೆರೆಯಲ್ಲಿ ಇರಲೇಬೇಕು ಎಂದು ನಾನು ಹಟ ಮಾಡಿದೆ. ಶಿರಾದಲ್ಲಿ ಟೀ ಕುಡಿದದ್ದು ನೆನಪಿದೆ. ಗಾಜಿನ ಲೋಟ ಬಿಸಿಯಾಗಿತ್ತು, ಕರವಸ್ತ್ರದಲ್ಲಿ ಹಿಡಿದಿದ್ದೆ. ಅಲ್ಲಿಂದ ಮುಂದೆ ಏನೂ ಇಲ್ಲ. ಆಮೇಲೆ ನೆನಪಿರುವುದು ಸ್ಟೀರಿಂಗಿನ ಮೇಲೆ ನಿಮ್ಮಪ್ಪನ ಕೈ, ಮತ್ತೆ ಶೇಂಗಾ ಕಿತ್ತ ಹೊಲದ ಹಸಿ ಮಣ್ಣಿನ ವಾಸನೆ.

ಆವತ್ತು ನಾನೂ ಅದನ್ನೇ ಹೇಳಿದ್ದು, ಕಣ್ಣು ಬಿಟ್ಟುಕೊಂಡೇ ಇದ್ದೆ ಅಂತ. ಬೆಳಗ್ಗೆ ಆಸ್ಪತ್ರೆಯಲ್ಲಿ ಯಾರೋ ಟೈರ್ ಒಡೆದಿರಬೇಕು ಅಂದರು, ನಾನು ಹೌದು ಅಂದೆ. ಅಷ್ಟೇ. ಅದಾದ ಮೇಲೆ ಆ ಹೌದನ್ನು ಹಿಂದಕ್ಕೆ ತಗೊಳ್ಳಲು ಆಗಲೇ ಇಲ್ಲ. ನಿಮ್ಮಪ್ಪನಿಗೆ ಗೊತ್ತಿದೆ ಅಂತಲೇ ನನಗನ್ನಿಸುತ್ತದೆ, ಕೈ ಹಾಕಿ ಸ್ಟೀರಿಂಗ್ ಎಳೆದವನು ಅವನೇ ತಾನೆ. ಒಂದು ದಿನವೂ ಕೇಳಲಿಲ್ಲ. ಅವನು ಪಂಚೆ ಒಣಹಾಕಲು ಒಂದೇ ಕೈಯಲ್ಲಿ ತಂತಿಗೆ ಎಸೆಯುವುದನ್ನು ನೋಡಿದಾಗಲೆಲ್ಲ ನನಗೆ ಆ ಟೀ ಲೋಟ ನೆನಪಾಗುತ್ತದೆ. ಅವನಿಗೆ ಹೇಳಬೇಕು. ನಿನಗೆ ಮೊದಲು ಹೇಳಿಬಿಟ್ಟೆ, ತಪ್ಪೋ ಸರಿಯೋ.

ಈಗ ನಿನ್ನ ವಿಷಯ. ನೀನು ಬುದ್ಧಿವಂತೆ, ಆ ದೇಶದಲ್ಲಿ ಎಷ್ಟೋ ವರ್ಷದಿಂದ ಕಾರು ಓಡಿಸುತ್ತಿದ್ದೀಯ, ನನ್ನ ಮಾತು ಹಳೆಯದು ಅನ್ನಿಸಬಹುದು. ಆದರೂ 20ರ ರಾತ್ರಿ ಮನೆಯಲ್ಲೇ ಮಲಗಲು ಆಗುವುದಿಲ್ಲವೇ? 21ರ ಬೆಳಗ್ಗೆ ಆರೂವರೆಗೆ ಹೊರಟರೆ ಲಡ್ಲೋ ದಾಟುವುದು ಮಧ್ಯಾಹ್ನ. ಸೂರ್ಯ ಬೆನ್ನಿಗಿರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ. ನೀಡಲ್ಸ್ ಆಚೆ ಕೊಲರಾಡೋ ನದಿಯ ಸೇತುವೆ ದಾಟಿ ಅರಿಜೋನಾ ಸೇರಿದರೆ ಕಿಂಗ್‌ಮನ್ ದೂರವೇನಲ್ಲ, ಅಲ್ಲಿ ರೂಮ್ ಮಾಡು. ದುಡ್ಡು ನಾನು ಕಳಿಸುತ್ತೇನೆ ಅಂದರೆ ನಿನಗೆ ಸಿಟ್ಟು ಬರುತ್ತದೆ, ಹಾಗಾಗಿ ಅನ್ನುವುದಿಲ್ಲ.

ಇನ್ನೊಂದು ಕಾರಣವೂ ಇದೆ. ನೀಡಲ್ಸ್ ಇರುವುದು 500 ಅಡಿ ಎತ್ತರದಲ್ಲಿ, ಕಿಂಗ್‌ಮನ್ ದಾಟಿದ ಮೇಲೆ ಬರುವ ಫ್ಲಾಗ್‌ಸ್ಟಾಫ್ 6,900 ಅಡಿ. ಮರುಭೂಮಿಯಲ್ಲಿ ಹೊರಟವಳು ಅದೇ ರಸ್ತೆಯಲ್ಲಿ ಹಿಮಕ್ಕೆ ಏರುತ್ತೀಯ. ರಾತ್ರಿಯಿಡೀ ಓಡಿಸಿದರೆ ಅಲ್ಲಿಗೆ ಮುಟ್ಟುವುದು ನಸುಕಿನಲ್ಲಿ, ರಸ್ತೆಯ ಮೇಲೆ ಕಾಣದ ಮಂಜುಗಡ್ಡೆ ಕೂತಿರುವ ಹೊತ್ತು. ಸೇತುವೆಗಳು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. ನಿಮ್ಮಣ್ಣ ಆ ಕಡೆ ಬಂದಾಗ ಮಾತು ನಿಲ್ಲಿಸಿ ಎರಡೂ ಕೈ ಸ್ಟೀರಿಂಗಿಗೆ ಕೊಟ್ಟಿದ್ದ, ನನಗೆ ಅದೇ ಕಣ್ಣಿಗೆ ಕಟ್ಟಿದೆ. ಕಿಂಗ್‌ಮನ್‌ನಿಂದ ಬೆಳಗ್ಗೆ ಬಿಸಿಲೇರಿದ ಮೇಲೆ ಹೊರಟರೆ ಸಾಕು.

ಕಿಟಕಿ ಇಳಿಸುವುದು, ಹಾಡು ಜೋರಾಗಿ ಹಾಕುವುದು, ಕೆನ್ನೆಗೆ ಹೊಡೆದುಕೊಳ್ಳುವುದು, ಇವೆಲ್ಲ ನಾನು ಮಾಡಿ ನೋಡಿದ್ದೇ. ಯಾವುದೂ ನಿದ್ದೆಯನ್ನು ತಡೆಯುವುದಿಲ್ಲ. ಕಣ್ಣು ಉರಿದರೆ ಬಂಕಿನಲ್ಲೋ ರೆಸ್ಟ್ ಏರಿಯಾದಲ್ಲೋ ನಿಲ್ಲಿಸಿ, ಒಂದು ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗು. ಏಳುವ ಹೊತ್ತಿಗೆ ಕಾಫಿ ಕೆಲಸ ಮಾಡಲು ಶುರುಮಾಡಿರುತ್ತದೆ. ಬಾಗಿಲು ಲಾಕ್ ಮಾಡಿಕೊಂಡು ಮಲಗು. ಹಾಂ, ಒಂದು ದಪ್ಪ ಹೊದಿಕೆ, ನೀರು, ಬಾರ್‌ಸ್ಟೋದಲ್ಲೇ ಟ್ಯಾಂಕ್ ತುಂಬಿಸುವುದು. ಅರಿಜೋನಾ ಗಡಿಯಾರ ಚಳಿಗಾಲದಲ್ಲಿ ನಿಮ್ಮದಕ್ಕಿಂತ ಒಂದು ಗಂಟೆ ಮುಂದೆ, ಹೊತ್ತಾಯಿತೆಂದು ಗಾಬರಿಯಾಗಬೇಡ. ಇವೆಲ್ಲ ನಿನಗೆ ಗೊತ್ತಿರುವುದೇ. ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

24ರ ರಾತ್ರಿ ಆಲ್ಬುಕರ್ಕಿಯ ಹಳೇ ಊರಿನಲ್ಲಿ ಕಾಗದದ ಚೀಲಕ್ಕೆ ಮರಳು ಹಾಕಿ ಮೇಣದಬತ್ತಿ ಹಚ್ಚಿಟ್ಟಿರುತ್ತಾರಲ್ಲ, ಗೋಡೆಯ ಮೇಲೆ, ಬೀದಿಯ ಅಂಚಿಗೆ, ಸಾಲುಸಾಲಾಗಿ. ನಿನ್ನ ದೊಡ್ಡಮ್ಮ ಅದನ್ನು ನೋಡಿ ನಮ್ಮ ಕಾರ್ತಿಕದ ದೀಪ ಅಂತ ಅಲ್ಲೇ ಕೈಮುಗಿದಿದ್ದಳು. ಒಂದು ರಾತ್ರಿ ದಾರಿಯಲ್ಲಿ ಕಳೆದರೂ ಆ ದೀಪಕ್ಕೆ ಎರಡು ದಿನ ಮೊದಲೇ ಮುಟ್ಟಿರುತ್ತೀಯ. ಬೇಗ ಬಾ ಎಂದು ನಿಮ್ಮಣ್ಣ ಅವಸರ ಮಾಡಬಾರದು ಎಂದು ಅವನಿಗೂ ಬರೆದಿದ್ದೇನೆ. ಅವಸರ ಮಾಡಿದ ಕಡೆ ನಮ್ಮಮ್ಮ ಎಣ್ಣೆ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದಳು.

ಕಿಂಗ್‌ಮನ್‌ನಲ್ಲಿ ರೂಮಿಗೆ ಹೋದ ತಕ್ಷಣ ಒಂದು ಮೆಸೇಜ್ ಹಾಕು. ಅಲ್ಲಿ ಸಂಜೆ ಆರಾದರೆ ನಮಗೆ ಮಾರನೆಯ ಬೆಳಗ್ಗೆ ಆರೂವರೆ. ನಾನು ಎದ್ದೇ ಇರುತ್ತೇನೆ.

ನಿನ್ನ
ದೊಡ್ಡಪ್ಪ