ಆರೋಗ್ಯ ಸಚಿವರಿಗೆ: ಆ ಒಂದು ಪ್ರಶ್ನೆ ಕೇಳೋಕೆ ನಮಗೆ ಜಾಗ ಕೊಡಿ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರೇ,

ನಾನು ಹೆರಿಗೆ ವಾರ್ಡಿನ ನರ್ಸ್. ಯಾರೂ ಬಾಯಿಬಿಟ್ಟು ಹೇಳದ ಒಂದು ಕಾಯಿಲೆ ಬಗ್ಗೆ ಬರೆಯುತ್ತಿದ್ದೇನೆ. ಜನನಾಂಗದ ಹರ್ಪಿಸ್. ಲೈಂಗಿಕ ಸಂಪರ್ಕದಿಂದ ಹರಡುವ, ಹೆರಿಗೆ ಹೊತ್ತಿಗೆ ತಾಯಿಯಿಂದ ಮಗುವಿಗೂ ತಗಲಬಹುದಾದ ವೈರಸ್ ಸೋಂಕು.

ಗರ್ಭಿಣಿಯರಿಗೆ ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆ ಮಾಡುತ್ತೇವೆ. ಹರ್ಪಿಸ್‌ಗೆ ಎಲ್ಲರ ರಕ್ತ ತೆಗೆಯಬೇಕಿಲ್ಲ, ಅದನ್ನು ನಾನು ಕೇಳುತ್ತಲೂ ಇಲ್ಲ. 'ಯಾವತ್ತಾದರೂ ಕೆಳಗೆ ನೀರುಗುಳ್ಳೆ, ಹುಣ್ಣು ಆಗಿತ್ತೇನಮ್ಮಾ? ನಿಮ್ಮ ಯಜಮಾನರಿಗೆ?' ಅಂತ ಕೇಳಿದರೆ ಸಾಕು. ಆದರೆ ಎಲ್ಲಿ ಕೇಳೋದು? ಒಂದೇ ಮೇಜು, ಸುತ್ತ ಹತ್ತು ಜನ. ತಿಂಗಳ 9ನೇ ತಾರೀಖು, ಸುರಕ್ಷಿತ ಮಾತೃತ್ವ ಅಭಿಯಾನದ ದಿನವಂತೂ ನಿಲ್ಲೋಕೂ ಜಾಗ ಇರುವುದಿಲ್ಲ. ಅತ್ತೆ ಕೈಚೀಲ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ. ಹುಡುಗಿ ನೆಲ ನೋಡಿಕೊಂಡು 'ಏನೂ ಇಲ್ಲ ಸಿಸ್ಟರ್' ಅನ್ನುತ್ತಾಳೆ. ಇನ್ನೇನು ಹೇಳಿಯಾಳು?

ಆ ಉತ್ತರದ ಮೇಲೆ ಮಗುವಿನ ಜೀವವೇ ನಿಂತಿರಬಹುದು. ಸೋಂಕು ಹಳೆಯದಾದರೆ ಭಯ ಕಡಿಮೆ. ತಾಯಿಯ ಮೈಯಲ್ಲಿ ಬೆಳೆದ ರೋಗನಿರೋಧಕ ಶಕ್ತಿ ಮಗುವಿಗೂ ಬಂದಿರುತ್ತದೆ. ಹೆರಿಗೆ ಹೊತ್ತಿಗೆ ಹುಣ್ಣು ಮರುಕಳಿಸಿದ್ದರೂ ಮಗುವಿಗೆ ತಗಲುವುದು ಹೆಚ್ಚೆಂದರೆ 100ಕ್ಕೆ 3ರಷ್ಟು. ಅದೇ ಕೊನೆಯ ತಿಂಗಳಲ್ಲಿ ಮೊದಲ ಸಲ ಸೋಂಕು ತಗುಲಿದರೆ 100ಕ್ಕೆ 30ರಿಂದ 50. ಸೋಂಕು ಮಗುವಿನ ಮಿದುಳಿಗೆ ಹೋದರೆ, ಬದುಕಿದ ಮಗುವೂ ಜೀವನಪೂರ್ತಿ ನರಳಬೇಕಾಗಬಹುದು.

ಔಷಧಿ ಹೊಸದೇನಲ್ಲ. ಏಸೈಕ್ಲೊವಿರ್ ಮಾತ್ರೆ. ಹರ್ಪಿಸ್ ಇದ್ದವರಿಗೆ 36ನೇ ವಾರದಿಂದ ಕೊಟ್ಟರೆ ಹೆರಿಗೆ ಹೊತ್ತಿಗೆ ಹುಣ್ಣು ಏಳುವುದು ಕಡಿಮೆಯಾಗುತ್ತದೆ. ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ನಮ್ಮ ಸುರಕ್ಷಾ ಕ್ಲಿನಿಕ್‌ನ ಕೆಂಪು ಔಷಧಿ ಕಿಟ್‌ನಲ್ಲಿರುವುದೂ ಇದೇ ಮಾತ್ರೆ. ಆದರೆ ತುಂಬು ಗರ್ಭಿಣಿ ಆ ಬೋರ್ಡ್ ದಾಟಿ ಒಳಗೆ ಹೋಗುವುದುಂಟಾ? ದಯವಿಟ್ಟು ಮಾತ್ರೆಯನ್ನು ಗರ್ಭಿಣಿಯರ ತಪಾಸಣೆ ಕೋಣೆಗೇ ತರಿಸಿ.

ನೋವು ಶುರುವಾಗಿ ಬಂದಾಗ ಒಳ್ಳೆಯ ಬೆಳಕಿನಲ್ಲಿ ಸರಿಯಾಗಿ ನೋಡಬೇಕು. ಹುಣ್ಣು ಕಂಡರೆ, ಅಥವಾ ಅಲ್ಲಿ ಉರಿ, ಚುಚ್ಚಿದ ಹಾಗೆ ಆಗುತ್ತಿದೆ ಅಂದರೆ ಸಿಸೇರಿಯನ್. ಹಳೆಯ ಸೋಂಕಿದ್ದು ಈಗ ಇವ್ಯಾವುದೂ ಇಲ್ಲದಿದ್ದರೆ ಮಾಮೂಲಿ ಹೆರಿಗೆಯೇ ಆಗಬಹುದು. ಸುಮ್ನೆ ಹೆದರಿಸಿ ಹೊಟ್ಟೆ ಕೊಯ್ಯುವುದು ಬೇಡ. ಎದೆಯ ಮೇಲೆ ಹುಣ್ಣಿಲ್ಲದಿದ್ದರೆ ಹಾಲೂ ಕುಡಿಸಬಹುದು.

ಪ್ರತಿ ತಪಾಸಣೆ ಕೋಣೆಯಲ್ಲಿ ಒಂದು ಪರದೆ ಹಾಕಿಸಿ, ಜೊತೆಗೆ ಬಂದವರನ್ನು ಐದು ನಿಮಿಷ ಹೊರಗೆ ಕೂರಿಸಲು ಆದೇಶ ಮಾಡಿ. ತಾಯಿ ಕಾರ್ಡ್‌ನಲ್ಲಿ ಕಾಯಿಲೆ ಹೆಸರು ಬೇಡ, ನಮಗಷ್ಟೇ ಗೊತ್ತಾಗುವ ಒಂದು ಗುರುತು ಸಾಕು. ಕಾರ್ಡ್ ಮನೆಯವರೆಲ್ಲ ನೋಡುತ್ತಾರೆ, ಅಲ್ವಾ?

ಇತಿ,
ಹೆರಿಗೆ ವಾರ್ಡಿನ ಒಬ್ಬ ನರ್ಸ್