ಬಸ್ಸಿನಲ್ಲಿ ಸ್ಪೀಕರ್ ಫೋನ್

ಮಾನ್ಯ ಸಂಪಾದಕರೇ,

ಕಳೆದ ವಾರ ಕಲಬುರಗಿಯಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದವರು ಹತ್ತಿದಾಗಿನಿಂದ ಸ್ಪೀಕರ್ ಹಾಕಿ ವಿಡಿಯೊ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಇನ್ನೊಂದು ಫೋನು, ಅದರಲ್ಲಿ ಯಾರದೋ ಮನೆಯ ಜಗಳ. ಕಮಲಾಪುರ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ‘ಸ್ವಲ್ಪ ಸೌಂಡ್ ಕಡಿಮೆ ಮಾಡ್ರಿ’ ಅಂದೆ. ‘ಬಸ್ ನಿಮ್ದೇನ್ರಿ?’ ಅಂದರು.

ನನ್ನ ಮಗಳು ಕೆಲಸಕ್ಕಾಗಿ ಜಪಾನಿನ ನಗೋಯಾದಲ್ಲಿದ್ದಾಳೆ. ಅಲ್ಲಿ ಫೋನಿನ ಸೈಲೆಂಟ್ ಮೋಡಿಗೆ ‘ಮ್ಯಾನರ್ ಮೋಡ್’ ಅಂತಲೇ ಹೆಸರು. ಫೋನನ್ನು ಅದರಲ್ಲಿಡಿ, ಕರೆಯಲ್ಲಿ ಮಾತಾಡಬೇಡಿ ಎಂದು ರೈಲಿನಲ್ಲೇ ಹೇಳುತ್ತಾರೆ. ಶಿಂಕಾನ್ಸೆನ್ ಎಂಬ ಅತಿ ವೇಗದ ರೈಲಿನಲ್ಲಿ ಕರೆ ಬಂದರೆ ಎದ್ದು ಬೋಗಿಯ ಬಾಗಿಲ ಹತ್ತಿರ ಹೋಗಿ ಮಾತಾಡಬೇಕು. ಇನ್ನೊಬ್ಬರಿಗೆ ಆಗುವ ತೊಂದರೆಗೆ ಅವರು ‘ಮೇವಾಕು’ ಅನ್ನುತ್ತಾರೆ. ಮಕ್ಕಳಿಗೆ ಚಿಕ್ಕಂದಿನಿಂದಲೇ ಕಲಿಸುವ ಮಾತು ಅದು. ಅದೇ ಜನ ನೂಡಲ್ಸನ್ನು ಸೊರ್ ಅಂತ ಸದ್ದು ಮಾಡಿ ತಿಂದರೆ ಯಾರೂ ತಪ್ಪು ತಿಳಿಯುವುದಿಲ್ಲವಂತೆ. ಸದ್ದೆಲ್ಲ ಒಂದೇ ಅಲ್ಲ, ಅಲ್ವಾ?

ನಮ್ಮವರಿಗೆ ಮರ್ಯಾದೆ ಗೊತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಅದೇ ಬಸ್ಸಿನಲ್ಲಿ ಕೂಸು ಎತ್ತಿಕೊಂಡವಳಿಗೆ ಹುಡುಗನೊಬ್ಬ ಕೇಳುವ ಮೊದಲೇ ಸೀಟು ಬಿಟ್ಟುಕೊಟ್ಟ. ನೀರಿನ ಬಾಟಲಿಯನ್ನೂ ಕೊಟ್ಟ. ಫೋನಿನ ವಿಷಯದಲ್ಲಿ ಮಾತ್ರ ಇದು ತಪ್ಪು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಬಸ್ ಹೊರಡುವಾಗ ಕಂಡಕ್ಟರ್ ‘ಇಯರ್‌ಫೋನ್ ಹಾಕ್ಕೊಳ್ರಿ’ ಅಂತ ಒಂದು ಮಾತು ಹೇಳಲಿ. ಸೀಟಿನ ಮೇಲೆ ಕನ್ನಡದಲ್ಲಿ ಬರೆಸಲಿ. ಸಾರಿಗೆ ಅಧಿಕಾರಿಗಳು ದಯವಿಟ್ಟು ಗಮನಿಸಬೇಕು.

– ನಿವೃತ್ತ ಶಿಕ್ಷಕಿ, ಕಲಬುರಗಿ